ಡಾಕ್ಟರ್ ಅಂಕಲ್‌ಗೆ ನಾನು ಮಾರಿದ ಕರಡಿ ಕೋವಿ

ಮೊದಲು ನನ್ನ ಪೆದ್ದುತನವನ್ನೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರನ್ನು ಆಡಿಕೊಳ್ಳಲು ನಾಲಿಗೆ ಸಲೀಸಾಗುತ್ತದೆ. ಕರಡಿಯಿಂದ ಕಾಪಾಡಿಕೊಳ್ಳಲೆಂದು ಒಬ್ಬ ಮಕ್ಕಳ ಡಾಕ್ಟರಿಗೆ ನಾನು ನನ್ನ ಕೈಯಾರೆ ಒಂದು ಕೋವಿ ಮಾರಿದೆ. ಅದಾದ ಮೂರನೆಯ ವಾರಕ್ಕೆ ಬೆಟ್ಟದ ದಾರಿಯ ಪೊದೆಯೊಂದರ ಹಿಂದೆ ಕೂತು, ಅದೇ ಕೋವಿಗೆ ಎದುರಾಗಿ, ಕರಡಿಯ ಹಾಗೆ ಗುರುಗುಟ್ಟಿದೆ. ಚೆನ್ನಾಗಿಯೇ ಗುರುಗುಟ್ಟಿದೆ. ಮಿಮಿಕ್ರಿಯಲ್ಲಿ ನನಗೆ ಬಂದ ಅತ್ಯುತ್ತಮ ಪ್ರತಿಕ್ರಿಯೆ ಅದು. ಸಭಿಕರು ಟ್ರಿಗರ್ ಒತ್ತಿದರು.

ಈ ಸಾಲುಗಳನ್ನು ಬರೆಯುತ್ತಿದ್ದೇನೆ ಎಂದರೆ ಕೋವಿ ಹಾರಲಿಲ್ಲ ಎಂದು ನೀವು ಊಹಿಸಿರುತ್ತೀರಿ. ಯಾಕೆ ಹಾರಲಿಲ್ಲ ಎನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ, ಅಂದರೆ ಉತ್ತರ ಕ್ಯಾರೊಲಿನಾದ ಏಪೆಕ್ಸ್ ಸುತ್ತಮುತ್ತ, ಯಾವ ಕನ್ನಡಿಗನನ್ನು ಹಿಡಿದು ಕೇಳಿದರೂ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಯಾವುದೋ ಒಂದು ಕಂಪನಿಯ ಹೆಸರು ಹೇಳುತ್ತಿದ್ದ. ನನ್ನ ಹೆಂಡತಿ ಉಮಾ ಕೂಡ ಅಲ್ಲೇ ಒಂದು ಔಷಧಿ ಲ್ಯಾಬಿನಲ್ಲಿದ್ದಳು. ನಾನು ಮೈಸೂರಿನಲ್ಲಿ ಬಿಕಾಂ ಮಾಡಿದ್ದೆ, ಅದಕ್ಕಿಂತ ಹೆಚ್ಚಾಗಿ ಕಾಲೇಜಿನ ಎಲ್ಲ ಮೇಷ್ಟ್ರುಗಳ ಧ್ವನಿ ಮಾಡುತ್ತಿದ್ದೆ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ನನಗೆ ಸಿಕ್ಕ ಕೆಲಸ ಒಂದೇ: ಬೇಟೆ, ಮೀನುಗಾರಿಕೆ, ಟೆಂಟು, ಬೂಟು ಎಲ್ಲ ಮಾರುವ ಅಂಗಡಿಯೊಂದರ ಬಂದೂಕಿನ ಕೌಂಟರು. ಮಂಡಿ ಸವೆಯುವವರೆಗೂ ಅಂಥ ಕೌಂಟರುಗಳ ಹಿಂದೆಯೇ ನಿಂತೆ. ಪಾರ್ಟಿಗಳಲ್ಲಿ ಯಾರಾದರೂ "ನೀವು ಯಾವ್ ಕಂಪನಿ?" ಅಂದರೆ "ಗನ್ ಶಾಪು" ಅನ್ನುತ್ತಿದ್ದೆ. ಕೇಳಿದವರು ಕೈಯಲ್ಲಿದ್ದ ಬೋಂಡಾ ನೋಡಿಕೊಂಡು "ಓ, ನೈಸ್" ಎಂದು ಪಕ್ಕದವರ ಕಡೆ ತಿರುಗುತ್ತಿದ್ದರು. ಈಗ ನಮ್ಮವರ ಮಕ್ಕಳೂ ಇಂಥ ಅಂಗಡಿಗಳಿಗೆ ಸೇರುತ್ತಿದ್ದಾರೆ. "ಅಂಕಲ್, ಎನಿ ಟಿಪ್ಸ್?" ಎಂದು ಕೇಳುತ್ತಾರೆ. ಅವರಿಗಾಗಿಯೇ ಇದು.

ನನ್ನ ಮೇಲಧಿಕಾರಿ ಮಿಸ್ಟರ್ ಅರ್ಲ್. ಅರವತ್ತು ದಾಟಿದ, ಬೆಟ್ಟದ ಸೀಮೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ. ಒಂದು ಪದ ಬಾಯಿಂದ ಹೊರಟು ಗಿರಾಕಿಯ ಕಿವಿ ತಲುಪುವಷ್ಟರಲ್ಲಿ ಅನ್ನಕ್ಕೆ ಒಂದು ಕುದಿ ಬರುತ್ತಿತ್ತು. ಅಷ್ಟು ನಿಧಾನ. ಸೇರಿದ ಎರಡನೆಯ ವಾರದಲ್ಲೇ ನಾನು ಅವರ ಧ್ವನಿ ಹಿಡಿದೆ. ಒಂದು ಮಧ್ಯಾಹ್ನ ಅಂಗಡಿಯ ಧ್ವನಿವರ್ಧಕದಲ್ಲಿ ಅವರ ಹಾಗೆಯೇ ಎಳೆದೆಳೆದು "ಎಲ್ಲ ಕೆಲಸಗಾರರೂ ಈಗಲೇ ಹೊರಗಿನ ಪಾರ್ಕಿಂಗ್ ಲಾಟಿಗೆ ಬರಬೇಕು" ಎಂದು ಘೋಷಿಸಿದೆ. ಎಲ್ಲರೂ ಹೋದರು. ಮಿಸ್ಟರ್ ಅರ್ಲ್ ಕೂಡ ಹೋದರು. ತಾನೇ ಯಾವಾಗಲೋ ಹೇಳಿ ಮರೆತಿರಬೇಕು ಅಂದುಕೊಂಡರಂತೆ. ವಾಪಸ್ಸು ಬಂದವರು ಮೈಕಿನ ಪಕ್ಕ ನಿಂತಿದ್ದ ನನ್ನನ್ನು ನೋಡಿ ಹೇಳಿದ್ದು ಇಷ್ಟೇ: "ಸನ್, ನನ್ನ ಹಾಗೆ ಮಾತಾಡೋದು ಬಂತು. ಇನ್ನು ನನ್ನ ಹಾಗೆ ಕೆಲಸ ಮಾಡೋದು ಕಲಿ."

ಅವರ ಕೆಲಸದ ರೀತಿ ಹೀಗಿತ್ತು. ಕರಡಿಗೆಂದು ಕೋವಿ ಕೇಳಿಕೊಂಡು ಬಂದವನಿಗೆ ಅವರು ಮೊದಲ ಹತ್ತು ನಿಮಿಷ ಕೋವಿಯನ್ನೇ ತೋರಿಸುತ್ತಿರಲಿಲ್ಲ. "ಯಾವ ಕರಡಿ?" ಎಂದು ಕೇಳುತ್ತಿದ್ದರು. ಗಿರಾಕಿ ತಬ್ಬಿಬ್ಬಾದರೆ "ಎಲ್ಲಿ ನಡೀತೀಯ?" ಅನ್ನುತ್ತಿದ್ದರು. ಆಮೇಲೆ ಕೌಂಟರಿನ ಮೇಲಿಟ್ಟ ಅವನ ಕೈಗಳನ್ನು ನೋಡುತ್ತಿದ್ದರು, ನಮ್ಮಲ್ಲಿ ಬಳೆಗಾರರು ನೋಡುತ್ತಾರಲ್ಲ, ಹಾಗೆ. ಕ್ಯಾರೊಲಿನಾದ ಬೆಟ್ಟಗಳಲ್ಲಿರುವುದು ಅಮೆರಿಕದ ಕಪ್ಪು ಕರಡಿ. ಮನುಷ್ಯರ ಸದ್ದು ಕೇಳಿದರೆ ಸಾಮಾನ್ಯವಾಗಿ ತಾನೇ ಜಾಗ ಖಾಲಿ ಮಾಡುತ್ತದೆ. ಅದಕ್ಕೆ ಬೇಕಾದ್ದು ನಮ್ಮ ಪ್ರಾಣವಲ್ಲ, ನಮ್ಮ ಬುತ್ತಿ.

ಒಮ್ಮೆ ಬೆಂಗಳೂರಿನ ನಾಲ್ಕು ಸಾಫ್ಟ್‌ವೇರ್ ಹುಡುಗರು ಬಂದರು. ಅಂಗಡಿಯಲ್ಲಿರುವುದರಲ್ಲೇ ದೊಡ್ಡ ರಿವಾಲ್ವರು ಬೇಕಂತೆ. ಮಿಸ್ಟರ್ ಅರ್ಲ್ ಖಾಲಿ ರಿವಾಲ್ವರೊಂದನ್ನು ಒಬ್ಬನ ಕೈಗೆ ಕೊಟ್ಟು, ಕೈ ನೀಡಿ ಗೋಡೆಯ ಗಡಿಯಾರಕ್ಕೆ ಹಿಡಿದುಕೊಂಡೇ ಊರು, ಕೆಲಸ, ಅಪ್ಪ ಅಮ್ಮನ ವಿಚಾರ ಹೇಳು ಅಂದರು. ಅಪ್ಪನ ಹೆಸರು ಬರುವಷ್ಟರಲ್ಲಿ ಅವನ ಕೈ ಸೊಂಟಕ್ಕೆ ಇಳಿದಿತ್ತು. "ಕರಡಿ ಇಷ್ಟು ಹೊತ್ತು ಸುಮ್ಮನೆ ನಿಲ್ಲಲ್ಲ" ಅಂದರು. ಕೈಬಂದೂಕು ಹೊರಲು ಹಗುರ ನಿಜ, ಆದರೆ ಗುರಿ ಕೂರಲು ವರ್ಷಗಟ್ಟಲೆ ಅಭ್ಯಾಸ ಬೇಕು. ಸಾಲದ್ದಕ್ಕೆ ಹುಡುಗರು ಹೊರಟಿದ್ದು ರಾಷ್ಟ್ರೀಯ ಉದ್ಯಾನಕ್ಕೆ. ಆ ಕಾಲದಲ್ಲಿ ಅದರೊಳಗೆ ಗುಂಡು ತುಂಬಿದ ಬಂದೂಕನ್ನು ಬಿಡುತ್ತಲೇ ಇರಲಿಲ್ಲ. ಕೊನೆಗೆ ಅವರು ಒಂದು ಹಗ್ಗ ಮತ್ತು ಊಟವನ್ನು ಮರಕ್ಕೆ ಎತ್ತಿ ಕಟ್ಟುವ ಚೀಲ ತೆಗೆದುಕೊಂಡರು. ತಿಂಡಿ ಏನೇನಿದೆ ಎಂದು ಕೇಳಿದಾಗ ಡಬ್ಬ ತುಂಬ ಮೈಸೂರುಪಾಕು ಹೊರಬಂತು. ಮಿಸ್ಟರ್ ಅರ್ಲ್ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಇದಕ್ಕೆ ಕರಡಿ ಬಂದರೆ ತಪ್ಪು ಕರಡಿಯದಲ್ಲ."

ಇಷ್ಟೆಲ್ಲ ಪಾಠ ಕಣ್ಣೆದುರು ನಡೆದಿತ್ತು. ಆದರೂ ಡಾಕ್ಟರ್ ಅಂಕಲ್ ಬಂದ ದಿನ ನಾನು ಒಂದನ್ನೂ ಕೇಳಲಿಲ್ಲ.

ಡಾಕ್ಟರ್ ಶ್ರೀಕಂಠಯ್ಯ ನಮ್ಮ ಊರಿನ ಕನ್ನಡಿಗರಲ್ಲಿ ಹಿರಿಯರು. ಸಾವಿರದ ಒಂಬೈನೂರ ಎಪ್ಪತ್ತರ ಸುಮಾರಿಗೇ ಬಂದು ನೆಲೆಸಿದವರು. ಸೂಜಿ ಚುಚ್ಚುವ ಮೊದಲು ಮಗುವಿಗೆ "ಸಾರಿ ಪುಟ್ಟ" ಎಂದು ಕ್ಷಮೆ ಕೇಳುವ ಡಾಕ್ಟರು. ಅವರ ಹೆಂಡತಿ ವಿಶಾಲು ಆಂಟಿಗೆ ಹಿಂದಿನ ವರ್ಷ ಕ್ಯಾನ್ಸರಿನ ಆಪರೇಷನ್ ಆಗಿ, ಚಿಕಿತ್ಸೆಯಲ್ಲಿ ಕೂದಲೆಲ್ಲ ಹೋಗಿತ್ತು. ಆಸ್ಪತ್ರೆಯ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ಇತ್ತಂತೆ. ಅದರ ಅಕ್ಟೋಬರ್ ಹಾಳೆಯಲ್ಲಿ ಎಲೆಯೆಲ್ಲ ಕೆಂಪಾದ ಒಂದು ಬೆಟ್ಟ. "ಕೂದಲು ಬಂದ ಮೇಲೆ ಇದರ ತುದಿಗೆ ಹೋಗ್ಬೇಕು" ಎಂದು ಆಂಟಿ ಅಲ್ಲೇ ನಿಶ್ಚಯಿಸಿದ್ದರು. ಈಗ ಕೂದಲು ಬಂದಿತ್ತು. ಅಕ್ಟೋಬರ್ ಬರುವುದರಲ್ಲಿತ್ತು.

ಅಂಕಲ್ ಬಂದಾಗ ಮಿಸ್ಟರ್ ಅರ್ಲ್ ಊಟಕ್ಕೆ ಹೋಗಿದ್ದರು. ಟೈ ಕಟ್ಟಿಕೊಂಡು, ಬ್ಯಾಂಕಿಗೆ ಬಂದವರ ಹಾಗೆ ಕೌಂಟರಿನ ಮುಂದೆ ನಿಂತರು.

"ನಾಣಿ, ಒಂದು ಗನ್ ಬೇಕಿತ್ತು ಕಣಪ್ಪ."

"ಯಾರನ್ನ ಮುಗಿಸ್ಬೇಕು ಅಂಕಲ್? ಕನ್ನಡ ಸಂಘದ ಎಲೆಕ್ಷನ್ ಇನ್ನೂ ಮಾರ್ಚಿಗಲ್ವಾ?"

"ತಮಾಷೆ ಬೇಡ. ವಿಶಾಲು ಹೈಕಿಂಗ್ ಹೋಗಲೇಬೇಕು ಅಂತಿದಾಳೆ. ಅಲ್ಲಿ ಕರಡಿ ಇದೆಯಂತೆ. ಬೇಡ ಅಂತ ನಾನು ಹೇಗೆ ಹೇಳಲಿ? ಆಸ್ಪತ್ರೆಯಿಂದ ಕರ್ಕೊಂಡ್ ಬಂದಿದೀನಿ. ಬೆಟ್ಟದಿಂದಾನೂ ಕರ್ಕೊಂಡ್ ಬರ್ಬೇಕು, ಅಷ್ಟೇ."

ಅಲ್ಲಿಗೆ ನಾನು "ಯಾವ ಕರಡಿ ಅಂಕಲ್?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬದಲಿಗೆ ಕೌಂಟರಿನ ಮೇಲೆ ಎರಡೂ ಕೈ ಊರಿ, ಕತ್ತು ಆಡಿಸುತ್ತ ಕರಡಿಯಾದೆ. ಹಿಂಗಾಲ ಮೇಲೆ ನಿಂತು ಮೂಸಿದೆ, ಉಸಿರು ಬಿಟ್ಟೆ, ಹಲ್ಲು ಕಟಕಟ ಅನ್ನಿಸಿದೆ. ಪಕ್ಕದಲ್ಲಿ ಬೂಟು ನೋಡುತ್ತಿದ್ದ ಹೆಂಗಸು ಚಪ್ಪಾಳೆ ತಟ್ಟಿದಳು. ಅಂಕಲ್ ಮುಖ ಬಿಳುಚಿತ್ತು. ಅದನ್ನೂ ನಾನು ನನ್ನ ಕಲೆಗೆ ಸಂದ ಗೌರವ ಎಂದುಕೊಂಡೆ.

ಮಾರಿದ್ದು ಗಿಡ್ಡ ನಳಿಗೆಯ ಒಂದು ಪಂಪ್ ಕೋವಿ. ಹಿಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಕಾಡತೂಸು ಗೂಡಿಗೆ ಕೂರುವ ಜಾತಿ. ಒಂದೇ ದಪ್ಪ ಸೀಸದ ಗುಂಡಿರುವ ಕಾಡತೂಸು ಹಾಕಿದರೆ ಹತ್ತಿರದಿಂದ ದೊಡ್ಡ ಪ್ರಾಣಿಯನ್ನೂ ಕೆಡವುತ್ತದೆ. ಕೋವಿ ಒಳ್ಳೆಯದೇ. ಅದು ಆ ಕೈಗಲ್ಲ, ಅಷ್ಟೇ. ಬಂದೂಕು ಕೊಳ್ಳುವವರು ಸರ್ಕಾರಕ್ಕೆ ಬರೆದುಕೊಡುವ ಹಳದಿ ಫಾರ್ಮು ತುಂಬಿಸಿದೆ. ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಐದು ಗುಂಡು ಹಾರಿಸುವಷ್ಟರಲ್ಲಿ ಅಂಕಲ್ ಭುಜ ಊದಿಕೊಂಡಿತು. ಗುರಿಯ ಕಾಗದ ಬಿಚ್ಚಿ ನೋಡಿ "ಪಾಪ, ಎಷ್ಟು ದೊಡ್ಡ ತೂತು" ಅಂದರು. ಆ ಒಂದು ಮಾತಿಗೇ ನಾನು ಕೋವಿ ವಾಪಸ್ಸು ಪಡೆಯಬೇಕಿತ್ತು. ನಾನೋ, ಮಹಾ ತಜ್ಞನ ಹಾಗೆ ಬುದ್ಧಿ ಹೇಳಿದೆ: "ಮನೇಲಿ ಇಡುವಾಗ ಯಾವಾಗಲೂ ಹಿಡಿ ಹಿಂದಕ್ಕೆ ಎಳೆದು, ಕಾಡತೂಸು ಕೂರೋ ಗೂಡಿನ ಬಾಯಿ ತೆರೆದೇ ಇಡಿ ಅಂಕಲ್. ಖಾಲಿ ಇದೆ ಅಂತ ಎಲ್ಲರಿಗೂ ಕಾಣ್ಬೇಕು."

ಆ ಮನೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾರೆ. ನಡುವೆ ಆಯುಧಪೂಜೆ ಬಂತು. ಆಂಟಿ ಗ್ಯಾರೇಜು ತೊಳೆದು ರಂಗೋಲಿ ಹಾಕಿ, ಕಾರು, ಹುಲ್ಲು ಕತ್ತರಿಸುವ ಯಂತ್ರ, ಅಂಕಲ್ ಸ್ಟೆತಸ್ಕೋಪು, ಈಳಿಗೆಮಣೆ ಎಲ್ಲಕ್ಕೂ ಗಂಧ ಕುಂಕುಮ ಇಟ್ಟು ಪೂಜೆ ಮಾಡಿದರು. ಸಾಲಿನ ಕೊನೆಯಲ್ಲಿ ಕೋವಿಯೂ ಇತ್ತು. ಬಾಯಿ ತೆರೆದುಕೊಂಡು.

ಪೂಜೆಯಾದ ಮೇಲಿನ ಭಾನುವಾರ ನಾವು ನಾಲ್ವರು ಹೊರಟೆವು: ಅಂಕಲ್, ಆಂಟಿ, ಉಮಾ, ಮತ್ತು ಕರಡಿ ತಜ್ಞನಾದ ನಾನು. ಕ್ಯಾಲೆಂಡರಿನ ಬೆಟ್ಟ ಇದ್ದದ್ದು ಉದ್ಯಾನದ ಹೊರಗಿನ ಸರ್ಕಾರಿ ಕಾಡಿನಲ್ಲಿ. ಅಲ್ಲಿ ಕೋವಿಗೆ ಅಡ್ಡಿಯಿರಲಿಲ್ಲ. ಹತ್ತುವ ದಾರಿಯ ಬುಡದಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೆದರೆ, ಹಿಡಿಯ ಮೇಲೆ ಮೂರು ಬೆರಳು ಗಂಧ, ನಡುವೆ ದುಂಡನೆಯ ಕುಂಕುಮ.

"ಅಂಕಲ್, ನಿಮ್ಮ ಕೋವಿ ಆಂಟಿಗಿಂತ ಲಕ್ಷಣವಾಗಿದೆ" ಅಂದೆ.

"ಅದಕ್ಕೂ ಕೂದಲಿಲ್ಲ, ಪಾಪ. ಅದಕ್ಕೇ ಅಲಂಕಾರ ಮಾಡಿದೀನಿ" ಅಂದರು ಆಂಟಿ, ತಮ್ಮ ಎರಡು ಇಂಚಿನ ಕ್ರಾಪು ಸವರಿಕೊಳ್ಳುತ್ತ.

ಹಿಡಿಯನ್ನು ಮುಂದಕ್ಕೆ ತಳ್ಳಿ ಬಾಯಿ ಮುಚ್ಚಿ, ಕೆಳಗಿನ ಕೊಳವೆಗೆ ಕಾಡತೂಸು ತುಂಬಿದವನು ನಾನೇ. ಅದಕ್ಕೂ ಮೊದಲು ಒಳಗೆ ಇಣುಕಿ ನೋಡುವುದು ಈ ವೃತ್ತಿಯ ಮೊದಲ ಪಾಠ. ಮಾತಿನ ಭರದಲ್ಲಿ ನೋಡಲಿಲ್ಲ.

ಅರ್ಧ ದಾರಿಯವರೆಗೂ ಅಂಕಲ್‌ದು ಒಂದೇ ಕೆಲಸ. ಎರಡೂ ಕೈಯಲ್ಲಿ ಕೋವಿ ಹಿಡಿದು, ಪ್ರತಿ ಪೊದೆಗೂ ನಿಂತು, ನೋಡಿ, ಮುಂದೆ ಹೋಗುತ್ತಿದ್ದರು. ಸುತ್ತಲೂ ಬೆಟ್ಟಕ್ಕೆ ಬೆಟ್ಟವೇ ಕೆಂಪು ಹಳದಿಯಾಗಿ ಉರಿಯುತ್ತಿತ್ತು. ಅವರು ಒಂದು ಎಲೆಯನ್ನೂ ನೋಡಲಿಲ್ಲ. ಮಧ್ಯಾಹ್ನ ಒಂದು ಬಂಡೆಯ ಮೇಲೆ ಕೂತು ಪುಳಿಯೋಗರೆ ಬಿಚ್ಚಿದಾಗ ಆಂಟಿ ನನಗೆ ಮೆಲ್ಲಗೆ ಹೇಳಿದರು: "ನಿಮ್ಮಂಕಲ್ ನೋಡೋ, ಆಪರೇಷನ್ ಥಿಯೇಟರ್ ಹೊರಗೆ ನಿಂತ ಹಾಗಿದಾರೆ. ಏನಾದ್ರೂ ಮಾಡಿ ನಗಿಸೋ."

ನನಗೆ ಅಷ್ಟು ಸಾಕಾಯಿತು. "ಈಗ ಬಂದೆ" ಎಂದು ಕಿರುಬೆರಳು ತೋರಿಸಿ, ಹತ್ತು ಮಾರು ಆಚೆಯ ದಟ್ಟ ಪೊದೆಯ ಹಿಂದೆ ಹೋದೆ. ಒಂದು ಕೊಂಬೆ ಮುರಿದೆ. ಅಂಗಡಿಯಲ್ಲಿ ಮಾಡಿದ್ದಕ್ಕಿಂತ ಒಂದು ಸುತ್ತು ಹೆಚ್ಚಾಗಿಯೇ ಗುರುಗುಟ್ಟಿದೆ.

ನಗು ಕೇಳಿಸಲಿಲ್ಲ. ಸ್ಟೀಲ್ ಡಬ್ಬ ಬಂಡೆಯ ಮೇಲೆ ಉರುಳಿದ ಸದ್ದು ಬಂತು. ಆಮೇಲೆ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದ ಸದ್ದು. ದಿನಕ್ಕೆ ನಲವತ್ತು ಸಲ ಕೌಂಟರಿನಲ್ಲಿ ನಾನೇ ಮಾಡಿ ತೋರಿಸುವ ಸದ್ದು. ಅದನ್ನು ನಳಿಗೆಯ ಈ ತುದಿಯಿಂದ ಕೇಳಿದ್ದು ಅದೇ ಮೊದಲು. "ಅಂಕಲ್, ನಾನು!" ಎಂದು ಕೂಗಲು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ನನ್ನ ಧ್ವನಿಯೇ ನನಗೆ ಬರಲಿಲ್ಲ. ಉಮಾ ಕಿರುಚಿದಳು: "ಅಂಕಲ್, ಅದು ನಾಣಿ! ನಾಣಿ ಅದು!"

ಪೊದೆಯಿಂದ ಕೈ ಎತ್ತಿಕೊಂಡು ಹೊರಬಂದೆ. ಅಂಕಲ್ ನಿಂತಿದ್ದರು. ಒಂದು ಗೊಂಬೆಗೂ ಏಟು ಹಾಕದ ಆ ಮನುಷ್ಯ ಆಂಟಿಯನ್ನು ತಮ್ಮ ಬೆನ್ನ ಹಿಂದೆ ತಳ್ಳಿ, ಕದಲದೆ ನಿಂತಿದ್ದರು. ಕೋವಿಯ ಬಾಯಿ ಒಂದು ಕೂದಲೆಳೆಯಷ್ಟು ಮುಚ್ಚದೆ ನಿಂತಿತ್ತು. ಪೂರ್ತಿ ಮುಚ್ಚಿ ಕಚ್ಚಿಕೊಳ್ಳದಿದ್ದರೆ ಈ ಜಾತಿಯ ಕೋವಿ ಹಾರುವುದಿಲ್ಲ.

"ನಾಣಿ," ಅಂದರು, "ನಾನು ಟ್ರಿಗರ್ ಒತ್ತಿಬಿಟ್ಟೆ ಕಣೋ. ಎರಡು ಸಲ ಒತ್ತಿದೆ."

ನಾನು ಅವರ ಕೈಯಿಂದ ಕೋವಿ ತೆಗೆದುಕೊಂಡು ನಳಿಗೆಯನ್ನು ನೆಲಕ್ಕೆ ತಿರುಗಿಸಿದೆ. ಅವರು ಬಂಡೆಯ ಮೇಲೆ ಕುಸಿದು ಕೂತರು. ಆಮೇಲೆ ತಾವಾಗಿಯೇ ಹೇಳಿದರು. ಬಳ್ಳಾರಿಯ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ, ಕರಡಿ ಪರಚಿದ ಒಬ್ಬ ಕುರಿಗಾಹಿಯನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದಿದ್ದರಂತೆ. "ಹೊಲೀಬೇಕು ಅಂತ ಸೂಜಿ ತಗೊಂಡೆ. ಎಲ್ಲಿಂದ ಶುರು ಮಾಡ್ಲಿ? ಮುಖಾನೇ ಇರ್ಲಿಲ್ಲ ಕಣೋ. ನೀನು ಅಂಗಡೀಲಿ ಹಾಗೆ ಮಾಡಿದಾಗಿಂದ ಅವನೇ ಕಣ್ಮುಂದೆ ಬರ್ತಿದಾನೆ. ಆ ಮುಖದ ಜಾಗದಲ್ಲಿ ಇವಳು."

ಆಗ ತಿಳಿಯಿತು ಯಾವ ಕರಡಿ ಎಂದು. ಕ್ಯಾರೊಲಿನಾದ ಕರಡಿಗೆ ನಾನು ಕೋವಿ ಮಾರಿದ್ದೆ. ಅವರು ಹೆದರಿದ್ದು ಬಳ್ಳಾರಿಯ ಕರಡಿಗೆ. ಅದನ್ನು ಅವರು ಇಪ್ಪತ್ತೈದು ವರ್ಷದಿಂದ ಹೊತ್ತು ತಿರುಗುತ್ತಿದ್ದರು. ಒಂದು ಪ್ರಶ್ನೆ ಕೇಳಿದ್ದರೆ ಕೌಂಟರಿನಲ್ಲೇ ಇಳಿಸಿ ಹೋಗುತ್ತಿದ್ದರೇನೋ. ನಾನು "ತಪ್ಪಾಯ್ತು ಅಂಕಲ್" ಅಂದೆ. ಅದನ್ನು ಮಾತ್ರ ಯಾರ ಧ್ವನಿಯಲ್ಲೂ ಅಲ್ಲ, ನನ್ನದರಲ್ಲೇ.

"ವಾಪಸ್ ಹೋಗೋಣ" ಅಂದಳು ಉಮಾ.

"ಯಾಕೆ ವಾಪಸ್ಸು?" ಅಂದರು ಆಂಟಿ. ಉರುಳಿದ್ದ ಡಬ್ಬವನ್ನೂ ಒಂದು ಸೌಟನ್ನೂ ತಂದು ಅಂಕಲ್ ಕೈಗೆ ಕೊಟ್ಟರು. "ಸದ್ದು ಮಾಡಿದ್ರೆ ಕರಡಿ ಓಡುತ್ತೆ ಅಂತ ಕೆಳಗೆ ಕಾರು ನಿಲ್ಲಿಸಿದ ಕಡೆ ಬೋರ್ಡಿನ ಮೇಲೇ ಬರ್ದಿದೆ. ನೀವು ಬಾರಿಸ್ತಾ ಬನ್ನಿ, ನಾನು ಹತ್ತೀನಿ. ಈ ಮಂಗ ಇಲ್ಲೇ ಕೂತು ಕೋವಿ ಕಾಯ್ಲಿ."

ಒಳಗೆ ಕಾಡತೂಸು ಸಿಕ್ಕಿಕೊಂಡ ಕೋವಿಯನ್ನು ಕೆದಕಬಾರದು. ನಾನು ನಳಿಗೆಯನ್ನು ಮಣ್ಣಿಗೆ ಹಿಡಿದು ಆ ಬಂಡೆಯ ಪಕ್ಕ ಒಂದೂವರೆ ಗಂಟೆ ಅಲ್ಲಾಡದೆ ಕೂತೆ. ಉಳಿದ ಮೂವರೂ ಹತ್ತುತ್ತಿದ್ದ ಕಡೆಯಿಂದ ಡಬ್ಬದ ಸದ್ದು ಕೇಳುತ್ತಲೇ ಇತ್ತು. ಮೊದಮೊದಲು ಬೆಂಕಿ ಬಿದ್ದ ಹಾಗೆ ಡಣಡಣ. ಸ್ವಲ್ಪ ಹೊತ್ತಿನ ಮೇಲೆ ಅದಕ್ಕೊಂದು ತಾಳ ಬಂತು. ತೀರ ಮೇಲಿನಿಂದ ಕೇಳಿಸಿದ್ದು ಸದ್ದೇ ಅಲ್ಲ, ಆಂಟಿಯ ನಗು. ತುದಿ ಮುಟ್ಟಿದ್ದರು. ಇಳಿದು ಬಂದಾಗ ಅಂಕಲ್ ಟೈಯಂತೆ ಕತ್ತಿಗೆ ಸ್ವೆಟರು ಸುತ್ತಿಕೊಂಡು, ಜೇಬಿನ ತುಂಬ ಕೆಂಪೆಲೆ ತುಂಬಿಕೊಂಡಿದ್ದರು.

ಸೋಮವಾರ ಮಿಸ್ಟರ್ ಅರ್ಲ್ ಮುಂದೆ ಕೋವಿ ಇಟ್ಟು, ಗುರುಗುಟ್ಟಿದ್ದನ್ನೂ ಸೇರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹಿಂದಿನ ಕೋಣೆಗೆ ಒಯ್ದು, ಮರಳು ತುಂಬಿದ ಪೆಟ್ಟಿಗೆಗೆ ನಳಿಗೆ ಹಿಡಿದು, ಕಾಡತೂಸು ಹೊರತೆಗೆದು, ಕೋವಿ ಬಿಚ್ಚಿ ಹಸಿರು ಬಟ್ಟೆಯ ಮೇಲೆ ಕೊಡವಿದರು. ಎಂಟು ಹತ್ತು ಹಳದಿ ಕಾಳು ಉದುರಿದವು. ಬಾಯಿ ಮುಚ್ಚಿ ಕಚ್ಚಿಕೊಳ್ಳುವ ಸಂದಿನಲ್ಲಿ ಇನ್ನೊಂದು ಕಾಳು ನುಜ್ಜುಗುಜ್ಜಾಗಿ ಅಂಟಿತ್ತು. ಅವರು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಏನಿದು, ಸನ್?"

"ಅಕ್ಕಿ, ಸರ್. ಅರಿಶಿನ ಹಚ್ಚಿದ್ದು. ನಮ್ಮಲ್ಲಿ ಪೂಜೆ ಮಾಡಿ ಹಾಕ್ತಾರೆ. ಆಶೀರ್ವಾದಕ್ಕೆ."

ಅವರು ಉದುರಿದ ಕಾಳುಗಳನ್ನೆಲ್ಲ ಒಂದು ಕಾಗದದಲ್ಲಿ ಮಡಿಸಿ ನನ್ನ ಕೈಗಿಟ್ಟರು. ಚಿಮುಟದಲ್ಲಿದ್ದ ಕಾಳನ್ನೂ ಬಿಸಾಡಲಿಲ್ಲ. ಆಮೇಲೆ ನನ್ನನ್ನು ಬಂದೂಕಿನ ಕೌಂಟರಿನಿಂದ ಎತ್ತಿ ಟೆಂಟಿನ ವಿಭಾಗಕ್ಕೆ ಹಾಕಿದರು. ಆರು ತಿಂಗಳು ಅಲ್ಲೇ ಇದ್ದೆ. ಟೆಂಟಿಗೆ ಎಷ್ಟು ಗುರುಗುಟ್ಟಿದರೂ ಅಪಾಯವಿಲ್ಲ.

ಮುಂದೆ ಕೆಲಸದ ರೀತಿಯೇ ಬದಲಾಯಿತು. ಖಾರದ ಸ್ಪ್ರೇ ಡಬ್ಬಿಗಳು ಬಂದವು. ಮೆಣಸಿನಕಾಯಿಯ ಘಾಟಿಗೆ ಕರಡಿಯೂ ಹಿಂದೆ ಸರಿಯುತ್ತದೆ ಎಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕೇ? ಬಂದೂಕು ಮಾರುವ ಮೊದಲು ಫೋನ್ ಮಾಡಿ ಗಿರಾಕಿಯ ಪೂರ್ವಾಪರ ವಿಚಾರಿಸುವ ಪದ್ಧತಿ ಬಂತು, ವೀಸಾದ ಮೇಲೆ ಬಂದವರಿಗೆ ಕಾನೂನು ಬಿಗಿಯಾಯಿತು. ಇದನ್ನೆಲ್ಲ ನಿಮಗೆ ಟ್ರೈನಿಂಗಿನಲ್ಲೇ ಹೇಳಿಕೊಡುತ್ತಾರೆ. ಅಲ್ಲಿ ಹೇಳದ ಒಂದನ್ನು ನಾನು ಹೇಳುತ್ತೇನೆ: ಯಾವ ಕರಡಿ ಎಂದು ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತಾಗುತ್ತದೆ.

ಕೋವಿ ಬಿಚ್ಚಿದ ಆ ವಾರದ ಕೊನೆಗೆ ಅಂಕಲ್ ಆಂಟಿ ಇಬ್ಬರೂ ಅಂಗಡಿಗೆ ಬಂದರು. ಕೋವಿ ಅಂಗಡಿಯಲ್ಲೇ ಇರಲಿ, ನಮಗೆ ಬೇಡ ಎಂದು ಹೇಳಲು. ಆ ಹೊತ್ತಿಗೆ ನನಗೆ ಸ್ವಲ್ಪ ಕೊಬ್ಬು ಮರಳಿ ಬಂದಿತ್ತು. ತಪ್ಪಿನಲ್ಲಿ ಆಂಟಿಗೂ ಒಂದು ಪಾಲು ಕೊಡೋಣ ಅನ್ನಿಸಿತು. ಕಾಗದದಲ್ಲಿ ಮಡಿಸಿಟ್ಟಿದ್ದ ಹಳದಿ ಕಾಳುಗಳನ್ನು ಬಿಚ್ಚಿ ತೋರಿಸಿದೆ.

"ನೋಡಿ ಆಂಟಿ, ಏನಿತ್ತು ಒಳಗೆ ಅಂತ. ನಿಜವಾದ ಕರಡಿ ಬಂದಿದ್ರೆ ಏನ್ ಗತಿ? ಕೋವಿಗೆ ಯಾರಾದ್ರೂ ಅಕ್ಷತೆ ಹಾಕ್ತಾರಾ?"

ಆಂಟಿ ಕಾಳುಗಳನ್ನು ನೋಡಿದರು. ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದರು. ಒಂದು ಕಾಳು ಎತ್ತಿ ನನ್ನ ನೆತ್ತಿಯ ಮೇಲೆ ಹಾಕಿ ಹೇಳಿದರು:

"ಕೋವಿಗೆ ಯಾರೋ ಹಾಕ್ತಾರೆ? ಅದರ ಮುಂದೆ ನಿಲ್ಲೋ ಮುಠ್ಠಾಳನಿಗೆ ಹಾಕಿದ್ದು."